ಬೇಥಾನ್ಯದ ಅಡಿಗೆಮನೆ

ನಮ್ಮದು ಧಾರವಾಡ ಸೀಮೆಯ ಒಂದು ಸಣ್ಣ ಊರು. ವರುಷಕ್ಕೊಮ್ಮೆ ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬ ನಡೆಯುತ್ತದೆ. ಜೋಳದ ತೆನೆ, ಕುಂಬಳಕಾಯಿ, ಕೋಳಿ, ಮೊಟ್ಟೆ, ಕಬ್ಬು ಎಲ್ಲ ದೇವಾಲಯದ ಮುಂದೆ ಬಂದು ಕೂಡುತ್ತವೆ. ಆರಾಧನೆ ಮುಗಿದ ಮೇಲೆ ಲಿಲಾವು, ಲಿಲಾವಿನ ನಂತರ ಊಟ. ಆ ಊಟಕ್ಕೆಂದು ದೇವಾಲಯದ ಹಿಂದೆ ಪತ್ರಾಸು ಹೊದಿಸಿದ ಒಂದು ಚಪ್ಪರವಿದೆ. ಕಲ್ಲು ಹೂಡಿದ ನಾಲ್ಕು ಒಲೆ, ಎರಡು ಕೊಪ್ಪರಿಗೆ, ಒಂದು ನಳ. ನಸುಕಿನ ಐದು ಗಂಟೆಗೆ ಅಲ್ಲಿಗೆ ಬಂದ ಹೆಂಗಸರು ಕೈ ತೊಳೆದುಕೊಂಡು ಮೇಲೇಳುವಾಗ ಮಧ್ಯಾಹ್ನ ಮೂರಾಗಿರುತ್ತದೆ. ಒಳಗಿನ ಪ್ರಸಂಗ ಅವರಿಗೂ ಕೇಳಲಿ ಎಂದು ಚಪ್ಪರದ ಕಂಬಕ್ಕೆ ಒಂದು ಸ್ಪೀಕರು ಕಟ್ಟಿರುತ್ತಾರೆ. ಒಗ್ಗರಣೆ ಹಾಕುವಾಗ ಅದು ಕೇಳಿಸುವುದಿಲ್ಲ, ಉಳಿದಂತೆ ಕೇಳಿಸುತ್ತದೆ.

ಬಹಳ ವರುಷಗಳ ಹಿಂದೆ ಅಂಥದೊಂದು ಹಬ್ಬದ ದಿನ ನೀರು ಕುಡಿಯಲೆಂದು ನಾನು ಒಳಗಿನಿಂದ ಎದ್ದು ಹಿಂದಕ್ಕೆ ಬಂದೆ. ಅಕ್ಕ ಗೋಧಿ ಹುಗ್ಗಿಯ ಕೊಪ್ಪರಿಗೆಯ ಮುಂದೆ ನಿಂತು ಎರಡೂ ಕೈಯಲ್ಲಿ ಸವುಟು ಹಿಡಿದು ತಿರುವುತ್ತಿದ್ದಳು. ಸ್ಪೀಕರಿನಲ್ಲಿ ಆಗಿನ ಸಭಾಪಾಲಕರ ದನಿ ಬರುತ್ತಿತ್ತು. ಆ ದಿನದ ಪ್ರಸಂಗ ಮಾರ್ಥ ಮತ್ತು ಮರಿಯರ ಕಥೆಯ ಮೇಲೆ. ಅಡಿಗೆಮನೆಯ ಚಿಂತೆಯನ್ನು ಬಿಟ್ಟು ಕರ್ತನ ಪಾದದ ಹತ್ತಿರ ಕುಳಿತುಕೊಳ್ಳುವುದನ್ನು ನಮ್ಮ ಸಹೋದರಿಯರು ಕಲಿಯಬೇಕು ಎಂದು ಅವರು ಹೇಳುತ್ತಿದ್ದರು. ಅಕ್ಕ ತಿರುವುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ನೋಡದೆಯೇ ಕೇಳಿದಳು:

"ತಂಗೀ, ಮಾರ್ಥಾನೂ ಸುಮ್ನ ಕೂತಿದ್ರ ಅವತ್ತ ಅವರಿಗೆಲ್ಲಾ ಊಟಕ್ಕೇನಿತ್ತು?"

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕು, ನೀರು ಕುಡಿದು, ಒಳಗೆ ಹೋಗಿ ನನ್ನ ಜಾಗದಲ್ಲಿ ಕುಳಿತೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಮೂವತ್ತು ವರುಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಪದ್ಯವನ್ನು, ಗದ್ಯವನ್ನು ಬಿಡಿಸಿ ಓದುವುದು ಹೇಗೆಂದು ಮಕ್ಕಳಿಗೆ ಕಲಿಸಿದವಳು. ನನ್ನ ಧರ್ಮಗ್ರಂಥದ ಐದು ವಚನಗಳ ಒಂದು ಕಥೆಯನ್ನು ಮಾತ್ರ ಅಕ್ಕ ಆ ಪ್ರಶ್ನೆ ಕೇಳುವತನಕ ನಾನು ಸರಿಯಾಗಿ ಓದಿರಲಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಲೂಕನು ಬರೆದ ಸುವಾರ್ತೆಯ ಹತ್ತನೆಯ ಅಧ್ಯಾಯದ ಕೊನೆಗೆ ಇದು ಬರುತ್ತದೆ. ಯೇಸು ಪ್ರಯಾಣ ಮಾಡುತ್ತಾ ಒಂದು ಹಳ್ಳಿಗೆ ಬರುತ್ತಾನೆ. ಮಾರ್ಥಳೆಂಬ ಹೆಂಗಸು ಆತನನ್ನು ಮನೆಗೆ ಕರೆದುಕೊಳ್ಳುತ್ತಾಳೆ. ಅವಳಿಗೆ ಮರಿಯಳೆಂಬ ತಂಗಿ. ತಂಗಿ ಆತನ ಪಾದಗಳ ಬಳಿ ಕುಳಿತು ಮಾತು ಕೇಳುತ್ತಾಳೆ. ಅಕ್ಕನಿಗೆ ಮೈತುಂಬ ಕೆಲಸ. ಕೊನೆಗೆ ಅವಳು ಬಂದು, ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿನಗೆ ಅದರ ಪರಿವೆಯೇ ಇಲ್ಲವೇ, ನನಗೆ ನೆರವಾಗುವಂತೆ ಅವಳಿಗೆ ಹೇಳು ಎಂದು ದೂರುತ್ತಾಳೆ. ಆತನು ಅವಳ ಹೆಸರನ್ನು ಎರಡು ಸಲ ಕರೆದು, ನೀನು ಬಹಳ ವಿಷಯಗಳಿಗಾಗಿ ಕಳವಳಪಡುತ್ತಿದ್ದೀ, ಬೇಕಾದದ್ದು ಒಂದೇ, ಮರಿಯಳು ಒಳ್ಳೆಯದನ್ನು ಆರಿಸಿಕೊಂಡಿದ್ದಾಳೆ, ಅದು ಅವಳಿಂದ ತೆಗೆಯಲ್ಪಡುವುದಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಕಥೆ ಅಲ್ಲಿಗೆ ನಿಂತುಬಿಡುತ್ತದೆ. ಮಾರ್ಥ ಏನೆಂದಳು, ಕುಳಿತಳೋ, ಒಲೆಯ ಕಡೆ ಹೋದಳೋ, ಊಟವಾಯಿತೋ ಇಲ್ಲವೋ, ಲೂಕ ಒಂದನ್ನೂ ಬರೆಯಲಿಲ್ಲ.

ಈ ಕಥೆ ನಮ್ಮ ಮನೆಯಲ್ಲಿ ಬರಿಯ ಕಥೆಯಾಗಿರಲಿಲ್ಲ. ನಾವೂ ಅಕ್ಕತಂಗಿಯರು ಇಬ್ಬರೇ. ಅವ್ವನಿಗೆ ಉಬ್ಬಸದ ಬೇನೆ. ಅಕ್ಕ ಏಳನೆಯ ಇಯತ್ತೆ ಮುಗಿಸಿದ ವರುಷ ಅವ್ವ ಹಾಸಿಗೆ ಹಿಡಿದಳು. ಅಕ್ಕ ಶಾಲೆ ಬಿಟ್ಟಳು. ಬಿಡಿಸಿದರು ಎನ್ನುವುದು ಸರಿ, ಆದರೆ ಮನೆಯಲ್ಲಿ ಯಾರೂ ಆ ಕ್ರಿಯಾಪದವನ್ನು ಬಳಸುತ್ತಿರಲಿಲ್ಲ. ನಾನು ಆರು ವರುಷ ಚಿಕ್ಕವಳು. ನಾನು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತರೆ ಅವ್ವ ಹೆಮ್ಮೆಯಿಂದ "ನಮ್ಮ ಮರಿಯಾ" ಎಂದು ಕರೆಯುತ್ತಿದ್ದಳು. ಅಕ್ಕನನ್ನು ಯಾರೂ ಮಾರ್ಥ ಎಂದು ಕರೆಯಲಿಲ್ಲ. ಕರೆಯುವ ಅಗತ್ಯವಿರಲಿಲ್ಲ. ನಾನು ಮ್ಯಾಟ್ರಿಕ್ ಆದೆ, ಧಾರವಾಡಕ್ಕೆ ಹೋಗಿ ಬಿ.ಎ. ಆದೆ, ಬಿ.ಇಡಿ. ಆದೆ, ನೌಕರಿ ಸೇರಿದೆ. ಹಾಸ್ಟೆಲಿನಿಂದ ಮನೆಗೆ ಬಂದ ಪ್ರತಿಸಲವೂ ಅಕ್ಕ ನನ್ನ ಮುಂದೆ ತಾಟು ಇಟ್ಟು, ಅಲ್ಲಿ ಏನು ಕಲಿಸಿದರು ಹೇಳು ಎಂದು ಕೇಳುತ್ತಿದ್ದಳು. ನನಗೆ ಹಸಿವು. "ಆಮೇಲೆ ಹೇಳ್ತೀನಿ" ಅನ್ನುತ್ತಿದ್ದೆ.

ನೌಕರಿ ಸೇರಿದ ಹೊಸದರಲ್ಲಿ ಒಂದು ವಿಶೇಷಾಂಕಕ್ಕೆ ನಾನು ಇದೇ ಕಥೆಯ ಬಗ್ಗೆ ಲೇಖನ ಬರೆದೆ. ಸ್ತ್ರೀವಾದಿ ವಿಮರ್ಶೆ ಎಂಬ ಮಾತು ಆಗ ಕನ್ನಡದಲ್ಲಿ ಹೊಸದಾಗಿ ಕೇಳಿಬರುತ್ತಿದ್ದ ಕಾಲ. ನನ್ನ ವಾದ ಹೀಗಿತ್ತು: ಗುರುವಿನ ಪಾದದ ಬಳಿ ಕುಳಿತುಕೊಳ್ಳುವುದು ಎಂಬ ಮಾತಿಗೆ ಅಂದಿನ ಯೆಹೂದ್ಯರಲ್ಲಿ ಶಿಷ್ಯವೃತ್ತಿ ಎಂಬ ಅರ್ಥವಿತ್ತು. ತಾನು ಗಮಲಿಯೇಲನ ಪಾದದ ಬಳಿ ಕಲಿತವನೆಂದು ಪೌಲ ಹೇಳಿಕೊಳ್ಳುವುದು ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಅಂದಮೇಲೆ ಮರಿಯಳು ಸುಮ್ಮನೆ ಕುಳಿತಿರಲಿಲ್ಲ. ಗಂಡಸರ ಜಾಗದಲ್ಲಿ ಶಿಷ್ಯೆಯಾಗಿ ಕುಳಿತಿದ್ದಳು. ಹೆಣ್ಣಿಗೆ ಓದುವ ಹಕ್ಕನ್ನು ಯೇಸು ಎತ್ತಿಹಿಡಿದದ್ದು ಇಲ್ಲಿ, ಆ ಹಕ್ಕನ್ನು ಯಾರೂ ಕಸಿಯಲಾರರೆಂದು ಸಾರಿದ್ದೂ ಇಲ್ಲಿಯೇ.

ಈ ವಾದವನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಅದು ಸರಿಯಾದ ವಾದವೇ. ಲೇಖನ ಅಚ್ಚಾಗಿ ಬಂದಾಗ ಅಕ್ಕ ನನ್ನಿಂದ ಅದನ್ನು ಪೂರ್ತಿ ಓದಿಸಿಕೊಂಡಳು. ಅವರೆಕಾಯಿ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೆ, "ಛಲೋ ಬರದೀ. ಮಾರ್ಥಾ ಎಲ್ಲೆ ಹೋದ್ಲು?" ಎಂದಳು. ನಾನು ಪುಟ ತಿರುವಿ ನೋಡಿದೆ. ಲೇಖನದಲ್ಲಿ ಮಾರ್ಥಳ ಹೆಸರು ಎರಡೇ ಸಲ ಬಂದಿತ್ತು, ಎರಡು ಸಲವೂ ಮರಿಯಳಿಗೆ ಅಡ್ಡಬಂದವಳಾಗಿ.

ಗುರುಪೀಠದಿಂದ ಬರುವ ಪ್ರಸಂಗಕ್ಕೂ ನನ್ನ ಹೊಸ ಕಾಲದ ಲೇಖನಕ್ಕೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ. ಇಬ್ಬರೂ ಇಬ್ಬರು ಹೆಂಗಸರಿಗೆ ಅಂಕ ಕೊಡಲು ಕುಳಿತಿದ್ದೆವು. ಒಬ್ಬಳು ಪಾಸು, ಒಬ್ಬಳು ನಪಾಸು. ಈ ಅಂಕ ಹಾಕುವ ಪದ್ಧತಿ ಬಹಳ ಹಳೆಯದು. ಮೂರನೆಯ ಶತಮಾನದ ಒರಿಗೆನ್ ಎಂಬ ಪಂಡಿತ ಮಾರ್ಥಳಲ್ಲಿ ಕರ್ಮದ ಬಾಳನ್ನು, ಮರಿಯಳಲ್ಲಿ ಧ್ಯಾನದ ಬಾಳನ್ನು ಕಂಡ. ಮುಂದೆ ಮಠಗಳು ಬೆಳೆದಂತೆ ಧ್ಯಾನದ ಬಾಳು ಮೇಲಿನದು, ದುಡಿಮೆಯದು ಕೆಳಗಿನದು ಎಂಬುದು ಗಟ್ಟಿಯಾಯಿತು. ರಕ್ತ ಮಾಂಸ ಇದ್ದ ಇಬ್ಬರು ಹೆಂಗಸರು ಎರಡು ತತ್ವಗಳ ಹೆಸರುಪಟ್ಟಿಗಳಾದರು.

ಎಲ್ಲರೂ ಹೀಗೇ ಓದಲಿಲ್ಲ ಎನ್ನುವುದೂ ನಿಜ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಎಕಾರ್ಟ್ ಎಂಬ ಸಂನ್ಯಾಸಿ ಒಂದು ಪ್ರಸಂಗದಲ್ಲಿ ಲೆಕ್ಕವನ್ನೇ ತಿರುಗಿಸಿದ. ಮಾರ್ಥ ಬಾಳಿನಲ್ಲಿ ಪಳಗಿದವಳು, ಮರಿಯಳು ಇನ್ನೂ ಕಲಿಯುತ್ತಿರುವ ಹುಡುಗಿ, ತಂಗಿ ಕುಳಿತ ಸುಖದಲ್ಲೇ ಉಳಿದುಬಿಟ್ಟಾಳೆಂಬ ಅಕ್ಕರೆಯಿಂದ ಮಾರ್ಥ ಹಾಗೆ ಹೇಳಿದಳು ಎಂಬುದು ಅವನ ಓದು. ಹದಿನಾರನೆಯ ಶತಮಾನದ ಸ್ಪೇನಿನ ತೆರೇಸಾ ಧ್ಯಾನದ ಬಗ್ಗೆ ಗ್ರಂಥಗಳನ್ನೇ ಬರೆದವಳು, ಜೊತೆಗೆ ಊರೂರು ತಿರುಗಿ ಕನ್ಯಾಮಠಗಳನ್ನು ಕಟ್ಟಿದವಳು. ಮಾರ್ಥ ಮರಿಯರು ಒಟ್ಟಿಗೇ ಇರಬೇಕು, ಎಲ್ಲರೂ ಮರಿಯಳಂತೆ ಮೈಮರೆತು ಕುಳಿತರೆ ಬಂದ ಅತಿಥಿಗೆ ಉಣಲಿಕ್ಕೆ ಯಾರು ಕೊಡಬೇಕು ಎಂಬುದು ಅವಳ ಮಾತಿನ ಸಾರ. ಇದನ್ನು ಓದಿದ ದಿನ ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಏಳನೆಯ ಇಯತ್ತೆ ಓದಿದ ನಮ್ಮಕ್ಕ ಕೊಪ್ಪರಿಗೆಯ ಮುಂದೆ ನಿಂತು ಕೇಳಿದ ಪ್ರಶ್ನೆ ಅದೇ ಅಲ್ಲವೇ!

ನಮ್ಮ ಕಾಲದ ವಿದುಷಿಯರಲ್ಲಿ ಎಲಿಜಬೆತ್ ಶೂಸ್ಲರ್ ಫಿಯೊರೆಂಜಾ ಅವರ ಹೆಸರು ದೊಡ್ಡದು. ಆದಿಸಭೆಯಲ್ಲಿ ಹೆಂಗಸರ ಪಾತ್ರವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1983ರಲ್ಲಿ ಬಂತು. ಲೂಕನ ಈ ಕಥೆಯನ್ನು ಅವರು ಅನುಮಾನದಿಂದಲೇ ನೋಡುತ್ತಾರೆ. ಕಥೆಯಲ್ಲಿ ಇಬ್ಬರು ಹೆಂಗಸರನ್ನು ಎದುರುಬದುರು ನಿಲ್ಲಿಸಲಾಗಿದೆ. ಬಾಯಿ ತೆರೆದವಳಿಗೆ ಬುದ್ಧಿಮಾತು, ಸುಮ್ಮನಿದ್ದವಳಿಗೆ ಹೊಗಳಿಕೆ. ನಿಜವಾಗಿ ನೋಡಿದರೆ ಮರಿಯಳು ಈ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಹೆಣ್ಣಿನ ಓದಿನ ಹಕ್ಕೆಂದು ನಾನು ಸಂಭ್ರಮಿಸಿದ ಜಾಗದಲ್ಲಿ ಒಬ್ಬ ಮೂಕ ಹೆಣ್ಣು ಕುಳಿತಿದ್ದಾಳೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಅವರ ಇನ್ನೊಂದು ವಾದ ಒಂದು ಶಬ್ದದ ಸುತ್ತ ಇದೆ. ಮಾರ್ಥಳ ಕೆಲಸಕ್ಕೆ ಲೂಕ ಬಳಸುವ ಗ್ರೀಕ್ ಶಬ್ದ ಡಿಯಾಕೊನಿಯ. ಊಟ ಬಡಿಸುವುದು, ಸೇವೆ ಮಾಡುವುದು ಎಂದು ಅದರ ಅರ್ಥ. ಇದೇ ಲೂಕ ಬರೆದ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಆ ಶಬ್ದ ಮತ್ತೆ ಬರುತ್ತದೆ. ವಿಧವೆಯರಿಗೆ ದಿನದ ಊಟ ಹಂಚುವುದಕ್ಕೂ ಅದೇ ಶಬ್ದ, ಅಪೊಸ್ತಲರು ದೇವರ ವಾಕ್ಯ ಸಾರುವುದಕ್ಕೂ ಅದೇ ಶಬ್ದ. ಇಂದು ಕೆಲವು ಸಭೆಗಳಲ್ಲಿ ಡೀಕನ್ ಎಂಬ ಹುದ್ದೆಯಿದೆಯಲ್ಲ, ಅದರ ಬೇರೂ ಇದೇ. ಗಂಡಸರು ಮಾಡಿದಾಗ ಆ ಶಬ್ದಕ್ಕೆ ನಿಲುವಂಗಿ ಬಂತು, ಪದವಿ ಬಂತು. ಹೆಂಗಸರು ಮಾಡಿದಾಗ ಅದು ಅಡಿಗೆಮನೆಯ ಚಿಂತೆಯಾಗಿ ಉಳಿಯಿತು.

ಆದರೂ ಲೂಕ ಬೇಕೆಂದೇ ಹೆಂಗಸರ ಬಾಯಿ ಕಟ್ಟಿದ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ, ಮಗ್ದಲದ ಮರಿಯಳು, ಯೋಹಾನ್ನಳು, ಸುಸನ್ನಳು ಮುಂತಾದ ಹೆಂಗಸರು ತಮ್ಮ ಸ್ವಂತ ಹಣದಿಂದ ಯೇಸುವಿನ ತಂಡವನ್ನು ಸಾಕಿದರೆಂದು ಹೆಸರು ಹಿಡಿದು ದಾಖಲಿಸಿದವನು ಅವನೇ. ಅಲ್ಲಿಯೂ ಅದೇ ಧಾತು. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಕಡೆಯ ರಾತ್ರಿಯ ಊಟದ ಹೊತ್ತಿಗೆ, ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ಜಗಳಾಡುವಾಗ, ನಾನು ನಿಮ್ಮ ನಡುವೆ ಊಟ ಬಡಿಸುವವನಂತೆ ಇದ್ದೇನೆ ಎಂಬರ್ಥದ ಮಾತನ್ನು ಯೇಸುವಿನ ಬಾಯಲ್ಲಿ ಬರೆದವನೂ ಅವನೇ. ಮತ್ತೂ ಅದೇ ಧಾತು. ಗುರು ತನಗಾಗಿ ಆರಿಸಿಕೊಂಡ ಹೆಸರು ಮಾರ್ಥಳ ಕೆಲಸದ ಹೆಸರು. ಕಥೆಯ ಹಿಂದುಮುಂದನ್ನು ಬಿಟ್ಟು ಐದು ವಚನಗಳನ್ನಷ್ಟೇ ಕತ್ತರಿಸಿ ಓದುವವರಿಗೆ ಇದು ಕಾಣುವುದಿಲ್ಲ. ಕಥೆಯ ಹಿಂದೆ ತಾಗಿಕೊಂಡೇ ಒಳ್ಳೆಯ ಸಮಾರ್ಯದವನ ಸಾಮ್ಯವಿದೆ. ದಾರಿಯಲ್ಲಿ ಬಿದ್ದವನಿಗೆ ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚಿಗೆ ಹಣ ಕೊಟ್ಟವನ ಕಥೆ ಅದು. ನೀನೂ ಹೋಗಿ ಹಾಗೆಯೇ ಮಾಡು ಎಂಬಲ್ಲಿಗೆ ಅದು ಮುಗಿಯುತ್ತದೆ. ಒಂದು ಕಥೆ ಎದ್ದು ಮಾಡು ಎನ್ನುತ್ತದೆ, ಮುಂದಿನದು ಕುಳಿತು ಕೇಳು ಎನ್ನುತ್ತದೆ. ಲೂಕ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟದ್ದು ಒಂದನ್ನೇ ಹಿಡಿದು ಪ್ರಸಂಗ ಮಾಡಲಿ ಎಂದಿರಲಾರದು.

ಒಂದು ಚಿತ್ರದ ಮಾತು ಹೇಳಬೇಕು. ಸ್ಪೇನಿನ ವೆಲಾಸ್ಕೆಸ್ 1618ರಲ್ಲಿ, ಹತ್ತೊಂಬತ್ತರ ಹುಡುಗನಿದ್ದಾಗ, ಈ ಕಥೆಯನ್ನು ಚಿತ್ರಿಸಿದ. ಮೂಲಚಿತ್ರ ಲಂಡನ್ನಿನ ನ್ಯಾಶನಲ್ ಗ್ಯಾಲರಿಯಲ್ಲಿದೆ; ನಾನು ನೋಡಿದ್ದು ಒಂದು ಪುಸ್ತಕದಲ್ಲಿ. ಚಿತ್ರದ ತುಂಬ ಅಡಿಗೆಮನೆ. ಮುಂದೆ ಒಬ್ಬ ಹುಡುಗಿ ಹಿತ್ತಾಳೆಯ ಕುಟ್ಟಾಣಿಯಲ್ಲಿ ಏನೋ ಕುಟ್ಟುತ್ತಿದ್ದಾಳೆ. ಮೇಜಿನ ಮೇಲೆ ಮೀನು, ಮೊಟ್ಟೆ, ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಹಿಂದೆ ನಿಂತ ಮುದುಕಿ ಬೆರಳು ತೋರಿಸಿ ಏನೋ ಹೇಳುತ್ತಿದ್ದಾಳೆ. ಯೇಸುವೂ ಅಕ್ಕತಂಗಿಯರೂ ಎಲ್ಲಿ ಎಂದರೆ, ಬಲಗಡೆಯ ಮೂಲೆಯಲ್ಲಿ, ಗೋಡೆಯ ಒಂದು ಚೌಕದೊಳಗೆ, ಅಂಗೈಯಗಲದಲ್ಲಿ. ಆ ಚೌಕ ಕಿಟಕಿಯೋ ಕನ್ನಡಿಯೋ ಗೋಡೆಗೆ ತೂಗುಹಾಕಿದ ಪಟವೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಪುಸ್ತಕವನ್ನು ಅಕ್ಕನಿಗೆ ತೋರಿಸಿದೆ. ಅವಳು ಮೂಲೆಯ ಚೌಕದ ಕಡೆ ನೋಡಲೇ ಇಲ್ಲ. ಹುಡುಗಿಯ ಕೆಂಪಾದ ಮುಖದ ಮೇಲೆ ಬೆರಳಿಟ್ಟು, "ಇಕಿ ಅತ್ತಾಳ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬೆಳ್ಳೊಳ್ಳಿ ಕುಟ್ಟಿದ್ದಕ್ಕಲ್ಲ" ಎಂದು ಸೇರಿಸಿದಳು.

ನಾನು ಈ ಕಥೆಯಲ್ಲಿ ಬಹಳ ಕಾಲ ನಿಂತುಕೊಂಡದ್ದು ಬೇಕಾದದ್ದು ಒಂದೇ ಎಂಬ ಮಾತಿನ ಹತ್ತಿರ. ಕೆಲವು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇದಕ್ಕೊಂದು ಪಾಠಾಂತರವಿದೆ. ಬೇಕಾದವು ಕೆಲವೇ, ಅಥವಾ ಒಂದೇ ಎಂದು ಅಲ್ಲಿ ಇದೆ. ಪಂಪನನ್ನೂ ವಚನಗಳನ್ನೂ ಪಾಠ ಹೇಳಿದವರಿಗೆ ಪಾಠಾಂತರದ ಬೆಲೆ ಗೊತ್ತು. ಒಂದೇ ಎಂದರೆ ಅದು ಆತ್ಮದ ಮಾತಾಗುತ್ತದೆ. ಕೆಲವೇ ಎಂದ ಕೂಡಲೇ ಅದು ಊಟದ ತಾಟಿನ ಮಾತೂ ಆಗಬಹುದು. ಇಷ್ಟೊಂದು ಬಗೆ ಯಾಕೆ ಮಾಡುತ್ತೀ, ಒಂದೆರಡು ಸಾಕು, ನೀನೂ ಬಾ, ಕೂತುಕೋ. ಹಾಗೆ ಓದಿದರೆ ಬೈಗುಳವೆಂದು ಕೇಳಿದ್ದು ಅಕ್ಕರೆಯೆಂದು ಕೇಳುತ್ತದೆ. ಹೆಸರನ್ನು ಎರಡು ಸಲ ಕರೆಯುವುದು ಸತ್ಯವೇದದಲ್ಲಿ ಅಪರೂಪ. ಅಬ್ರಹಾಮನನ್ನು, ಮೋಶೆಯನ್ನು, ಬಾಲಕ ಸಮುವೇಲನನ್ನು ಹಾಗೆ ಕರೆಯಲಾಗಿದೆ. ಮಹತ್ವದ ಹೊತ್ತಿನಲ್ಲಿ, ಬೇಕಾದವರನ್ನು ಕರೆಯುವ ರೀತಿ ಅದು. ಗುರುಪೀಠದಿಂದ ಆ ಎರಡು ಕರೆಗಳು ಗದರಿಕೆಯಂತೆ ಕೇಳಿಬರುತ್ತವೆ. ನಮ್ಮ ಅವ್ವ ಮಧ್ಯಾಹ್ನದ ಬಿಸಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕನನ್ನು ಹಾಸಿಗೆಯಿಂದಲೇ ಎರಡೆರಡು ಸಲ ಕರೆಯುತ್ತಿದ್ದಳು. ಅದರಲ್ಲಿ ಗದರಿಕೆ ಇರಲಿಲ್ಲ.

ಸಾಕು ಎನ್ನುವ ಮಾತು ಬಂದಾಗ ಕನ್ನಡದ ಹೆಂಗಸರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಕಾಯಕವನ್ನು ಅವಳು ಕೀಳೆನ್ನಲಿಲ್ಲ. ಕಾಯಕದಲ್ಲಿ ನುಸುಳಿದ ಹೆಚ್ಚಳವನ್ನು ಒಲ್ಲೆನೆಂದಳು. ಯೇಸುವಿನ ಮಾತಿನಲ್ಲಿಯೂ ಮಾರ್ಥಳ ದುಡಿಮೆಗೆ ಒಂದು ಹಳಿಯುವ ಶಬ್ದವಿಲ್ಲ. ಬಹಳವಾದ ವಿಷಯಗಳು, ಕಳವಳ, ಇಷ್ಟೇ ಇರುವುದು. ಈ ವ್ಯತ್ಯಾಸ ನನಗೆ ತಿಳಿದದ್ದು ನಮ್ಮ ಊರಿನ ದೇವಾಲಯದಲ್ಲಿ ಅಲ್ಲ, ತರಗತಿಯಲ್ಲಿ ಲಕ್ಕಮ್ಮನ ಪಾಠ ಮಾಡುವಾಗ.

ಇಷ್ಟೆಲ್ಲ ಹೇಳಿಯೂ ಮಾರ್ಥಳ ನಿಜವಾದ ಎತ್ತರ ಲೂಕನಲ್ಲಿ ಸಿಕ್ಕುವುದಿಲ್ಲ. ಅದು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಅದನ್ನು ನನಗೆ ತೋರಿಸಿಕೊಟ್ಟವಳು ಅಕ್ಕ.

ಅವ್ವ ತೀರಿಕೊಂಡಾಗ ನಾನು ಮೂಲೆ ಹಿಡಿದು ಅತ್ತೆ. ಬಂದವರೆಲ್ಲ ನನ್ನ ತಲೆ ಸವರಿದರು. ಅಕ್ಕ ಅವ್ವನ ಮೈ ತೊಳೆದಳು, ಸೀರೆ ಉಡಿಸಿದಳು, ಹೆಣದ ಪೆಟ್ಟಿಗೆಗೆ ಹಣ ಎಣಿಸಿ ಕೊಟ್ಟಳು, ಬಂದವರಿಗೆ ಚಹಾ ಮಾಡಿದಳು. ಕೃತಜ್ಞತಾ ಆರಾಧನೆಯಲ್ಲಿ ಪಾದ್ರಿಗಳು ಅವ್ವನ ಬಗ್ಗೆ ಒಳ್ಳೆಯ ಮಾತು ಹೇಳಿ, ಓದಿದ ಮಗಳನ್ನು ಹೆಸರು ಹಿಡಿದು ಹೊಗಳಿದರು. ಮನೆಯಲ್ಲಿ ಇನ್ನೊಬ್ಬಳು ಮಗಳು ಸೇವೆ ಮಾಡಿದಳೆಂದೂ ಹೇಳಿದರು. ಹೆಸರು ಹೇಳಲಿಲ್ಲ. ಅದಾಗಿ ಕೆಲವು ದಿನಗಳ ನಂತರ ರಾತ್ರಿಯ ಪ್ರಾರ್ಥನೆಗೆ ಕುಳಿತಾಗ ಅಕ್ಕ ಯೋಹಾನನ ಆ ಅಧ್ಯಾಯವನ್ನು ತೆಗೆದು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ನಡುವೆ ನಿಲ್ಲಿಸಿ ಹೇಳಿದಳು: "ಇಲ್ಲೆ ನೋಡು. ಎದ್ದ ಹೋದಾಕಿ ಯಾರು, ಮನ್ಯಾಗ ಕೂತಾಕಿ ಯಾರು."

ನೋಡಿದೆ. ಆ ಅಧ್ಯಾಯದಲ್ಲಿ ಅಕ್ಕತಂಗಿಯರ ತಮ್ಮ ಲಾಜರ ಸತ್ತು ನಾಲ್ಕು ದಿನವಾಗಿದೆ. ಲೂಕ ಹೆಸರಿಸದ ಹಳ್ಳಿಗೆ ಯೋಹಾನ ಬೇಥಾನ್ಯವೆಂದು ಹೆಸರು ಕೊಡುತ್ತಾನೆ. ಯೇಸು ಬರುತ್ತಿದ್ದಾನೆಂದು ಕೇಳಿದೊಡನೆ ಮಾರ್ಥ ಎದ್ದು ಎದುರಿಗೆ ಹೋಗುತ್ತಾಳೆ. ಮರಿಯಳು ಮನೆಯಲ್ಲಿ ಕುಳಿತೇ ಇರುತ್ತಾಳೆ. ದಾರಿಯಲ್ಲಿ ನಿಂತು ಮಾರ್ಥ ಆತನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನೀನು ಇಲ್ಲಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆ ಬೈಗುಳದ ಬೆನ್ನಿಗೇ ನಂಬಿಕೆಯನ್ನೂ ಹೇಳುತ್ತಾಳೆ. ಪುನರುತ್ಥಾನದ ಬಗ್ಗೆ ಇಡೀ ಸುವಾರ್ತೆಯಲ್ಲೇ ಅತಿ ಮುಖ್ಯವಾದ ಮಾತನ್ನು ಯೇಸು ಹೇಳುವುದು ಈ ಅಡಿಗೆಮನೆಯ ಹೆಂಗಸಿನ ಎದುರು. ಇದನ್ನು ನಂಬುತ್ತೀಯಾ ಎಂದು ಕೇಳುವುದೂ ಅವಳನ್ನೇ. ನೀನೇ ಬರಬೇಕಾಗಿದ್ದ ಕ್ರಿಸ್ತನು, ದೇವಕುಮಾರನು ಎಂದು ಅವಳು ಅರಿಕೆ ಮಾಡುತ್ತಾಳೆ. ಮತ್ತಾಯನ ಸುವಾರ್ತೆಯಲ್ಲಿ ಇದೇ ಅರಿಕೆಯನ್ನು ಪೇತ್ರ ಮಾಡಿದಾಗ ಅವನಿಗೆ ಬಂಡೆ ಎಂಬ ಹೆಸರೂ ಪರಲೋಕದ ಬೀಗದ ಕೈಗಳೂ ಸಿಕ್ಕವು. ಮಾರ್ಥಳ ಅರಿಕೆಗೆ ನಮ್ಮ ಸಭೆಗಳಲ್ಲಿ ಏನು ಸಿಕ್ಕಿತು? ನಾನು ಕೇಳಿದ ನೂರಾರು ಪ್ರಸಂಗಗಳಲ್ಲಿ ಪೇತ್ರನ ಅರಿಕೆಯ ಮೇಲೆ ಹಲವು ಇದ್ದವು. ಮಾರ್ಥಳದರ ಮೇಲೆ ಒಂದೂ ಇರಲಿಲ್ಲ.

ಸಮಾಧಿಯ ಕಲ್ಲನ್ನು ತೆಗೆಯಿರಿ ಎಂದಾಗ, ನಾಲ್ಕು ದಿನವಾಗಿದೆ, ನಾತ ಬರುತ್ತದೆ ಎಂದು ಎಚ್ಚರಿಸುವವಳೂ ಅವಳೇ. ದೊಡ್ಡ ನಂಬಿಕೆಯ ಮಾತಾಡಿದ ಬಾಯಲ್ಲೇ ಈ ಮಾತೂ ಬರುತ್ತದೆ. ಇದನ್ನು ಅಪನಂಬಿಕೆ ಎಂದು ಟೀಕಿಸುವವರಿದ್ದಾರೆ. ಮನೆಯಲ್ಲಿ ಹಾಲು, ಮಾಂಸ, ರೋಗಿಯ ಬಟ್ಟೆ ನೋಡಿಕೊಳ್ಳುವವಳಿಗೆ ನಾಲ್ಕು ದಿನ ಎಂದರೇನೆಂದು ಗೊತ್ತಿರುತ್ತದೆ, ಅಷ್ಟೇ. ಮುಂದಿನ ಅಧ್ಯಾಯದಲ್ಲಿ ಅದೇ ಊರಿನಲ್ಲಿ ಮತ್ತೆ ಊಟ. ಮಾರ್ಥ ಬಡಿಸುತ್ತಿದ್ದಾಳೆ, ಮರಿಯಳು ಬೆಲೆಬಾಳುವ ಸುಗಂಧತೈಲವನ್ನು ಆತನ ಪಾದಕ್ಕೆ ಹಚ್ಚುತ್ತಾಳೆ. ಈ ಸಲ ಮಾರ್ಥ ತಂಗಿಯ ಮೇಲೆ ದೂರು ಹೇಳುವುದಿಲ್ಲ. ಮಾರ್ಥ ಬಡಿಸುವುದನ್ನು ಬಿಡಬೇಕೆಂದು ಯೇಸುವೂ ಹೇಳುವುದಿಲ್ಲ. ಅವಳು ಅರಿಕೆ ಮಾಡಿಯೂ ಬಡಿಸಿದಳು. ಎರಡೂ ಅವಳವೇ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಅಕ್ಕ ಹೆಚ್ಚೋ ತಂಗಿ ಹೆಚ್ಚೋ ಎಂದು ಎರಡು ಸಾವಿರ ವರುಷ ಕೇಳಿದೆವಲ್ಲ, ಆ ಮನೆಯಲ್ಲಿ ಮತ್ತೆ ಯಾರಿದ್ದರು ಎಂದು ಯಾಕೆ ಕೇಳಲಿಲ್ಲ? ಲೂಕ ಕಥೆ ಶುರುಮಾಡುವಾಗ ಅವರು ಪ್ರಯಾಣದಲ್ಲಿದ್ದರು ಎಂದು ಬಹುವಚನದಲ್ಲಿ ಬರೆಯುತ್ತಾನೆ; ಹಳ್ಳಿಯೊಳಗೆ ಬರುವಾಗ ಏಕವಚನಕ್ಕೆ ಇಳಿಯುತ್ತಾನೆ. ಶಿಷ್ಯರೂ ಜೊತೆಗೆ ಬಂದಿರಬೇಕು. ಯೋಹಾನನನ್ನು ನಂಬಿದರೆ ಆ ಮನೆಗೆ ಒಬ್ಬ ತಮ್ಮನೂ ಇದ್ದ. ಇಷ್ಟು ಜನರಲ್ಲಿ ಮಾರ್ಥಳಿಗೆ ಕೈಗೂಡಿಸಬಲ್ಲವಳು ಮರಿಯಳೊಬ್ಬಳೇ ಎಂದು ಮಾರ್ಥ ಅಂದುಕೊಂಡದ್ದು ಅವಳ ಕಾಲದ ಮಿತಿ. ನಾವೂ ಹಾಗೇ ಅಂದುಕೊಂಡು ಓದುತ್ತ ಬಂದದ್ದು ನಮ್ಮ ಮಿತಿ. ಅಕ್ಕ ಕೂತರೆ ತಂಗಿ ಏಳಬೇಕು, ತಂಗಿ ಕೂತರೆ ಅಕ್ಕ ಬೇಯಬೇಕು ಎಂಬ ಲೆಕ್ಕ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿಯೂ ಯಾರೂ ಕೇಳಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತೇ ಇದ್ದರು.

ಊಟಕ್ಕೇನಿತ್ತು ಎಂಬುದಕ್ಕೆ ಉತ್ತರ ಯೋಹಾನನ ಕೊನೆಯ ಅಧ್ಯಾಯದಲ್ಲಿ ಇದೆಯೆಂದು ನನ್ನ ನಂಬಿಕೆ. ಸತ್ತು ಎದ್ದುಬಂದ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ನಸುಕಿನಲ್ಲಿ ನಿಂತಿದ್ದಾನೆ. ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ ದಣಿದು ದಡಕ್ಕೆ ಬರುತ್ತಾರೆ. ಅಲ್ಲಿ ಕೆಂಡ ಹೊತ್ತಿಸಿದೆ, ಕೆಂಡದ ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿಯಿದೆ. ಬನ್ನಿ, ಉಣ್ಣಿರಿ ಎಂದು ಕರೆದು ಆತನೇ ಬಡಿಸುತ್ತಾನೆ. ಪುನರುತ್ಥಾನದ ನಂತರ ಆತನು ಮಾಡಿದ ಕೆಲಸಗಳಲ್ಲಿ ಒಂದು ಒಲೆ ಹೊತ್ತಿಸಿದ್ದು. ನನಗೆ ನೆರವಾಗಲು ಹೇಳು ಎಂದು ಬೇಥಾನ್ಯದಲ್ಲಿ ಕೂಗಿದವಳಿಗೆ ಯಾರು ಎದ್ದು ಬರಬೇಕಾಗಿತ್ತೆಂದು ಇದರಿಂದ ತಿಳಿಯಬೇಕು.

ಸಭೆಗಳಲ್ಲಿ ಏನೂ ಬದಲಾಗಿಲ್ಲ ಎಂದು ಹೇಳಲಾರೆ. ದಕ್ಷಿಣ ಭಾರತ ಸಭೆಯಲ್ಲಿ ಹೆಂಗಸರು ಈಗ ಪಾದ್ರಿಗಳಾಗಿದ್ದಾರೆ. 2013ರಲ್ಲಿ ಆಂಧ್ರದ ನಂದ್ಯಾಲ ಧರ್ಮಪ್ರಾಂತಕ್ಕೆ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪರಾದರು. ಕ್ಯಾಥೊಲಿಕ್ ಸಭೆಯ ಪಂಚಾಂಗದಲ್ಲಿ ಜುಲೈ 29 ಮಾರ್ಥಳ ಸ್ಮರಣೆಯ ದಿನವಾಗಿತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಮಾರ್ಥ, ಮರಿಯ, ಲಾಜರ ಮೂವರ ದಿನವನ್ನಾಗಿ ಮಾಡಿದರು. ಅಕ್ಕ, ತಂಗಿ, ತಮ್ಮ ಮೂವರೂ ಒಂದೇ ತಾರೀಖಿನಲ್ಲಿ ಬಂದು ಕುಳಿತರು. ಇದು ಸಣ್ಣ ವಿಷಯವಲ್ಲ. ಆದರೆ ನಮ್ಮ ಊರಿನ ಪತ್ರಾಸಿನ ಚಪ್ಪರ ಇನ್ನೂ ಅಲ್ಲಿಯೇ ಇದೆ.

ಹೋದ ಸಲದ ಸುಗ್ಗಿ ಹಬ್ಬಕ್ಕೆ ಮುಂಚೆ ಮಹಿಳಾ ಕೂಟದಲ್ಲಿ ಅಕ್ಕ ಎದ್ದು ನಿಂತಳು. ಕೂಟದಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಈ ವರುಷ ಹುಗ್ಗಿ ಬೇಡ, ಎರಡು ಬಗೆಯ ಪಲ್ಯ ಬೇಡ, ಅನ್ನ ಸಾರು ಒಂದು ಬದನೆಕಾಯಿ ಪಲ್ಯ ಸಾಕು. ಸಾರು ನಸುಕಿನಲ್ಲೇ ಇಳಿಸೋಣ, ಅಕ್ಕಿ ಒಲೆಗೇರುವುದು ಪ್ರಸಂಗ ಮುಗಿದ ಮೇಲೆ ಎಂದಳು. ಊಟ ಒಂದು ತಾಸು ತಡವಾಗುತ್ತದೆ ಎಂದು ಒಬ್ಬರು ಅಂದರು. "ಆಗ್ಲಿ ಬಿಡ್ರಿ, ಲಿಲಾವು ಉದ್ದ ಹಚ್ರಿ" ಎಂದು ಅಕ್ಕ ಕೂತಳು. ಹಿರಿಯರ ಕಮಿಟಿ ಗೊಣಗಿತು. ಹುಗ್ಗಿಯಿಲ್ಲದ ಹಬ್ಬ ಹಬ್ಬವೇ ಎಂದು ಹಲವರು ಕೇಳಿದರು, ಈಗಲೂ ಕೇಳುತ್ತಿದ್ದಾರೆ. ಗಂಡಸರು ಯಾರೂ ಚಪ್ಪರಕ್ಕೆ ಬರಲಿಲ್ಲ. ಅಷ್ಟು ಬೇಗ ಬರುತ್ತಾರೆಂಬ ಆಸೆ ನಮಗೂ ಇರಲಿಲ್ಲ.

ಅಕ್ಕ ಮಾತ್ರ ಆ ದಿನ ಮೂರನೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಳು. ಅವಳ ಕೈಗೆ ಬೆಳ್ಳುಳ್ಳಿಯ ವಾಸನೆಯಿತ್ತು. ಪ್ರಸಂಗ ಮಾರ್ಥಳದಲ್ಲ, ದಶಮಾಂಶ ಕೊಡುವುದನ್ನು ಕುರಿತದ್ದು, ಸ್ವಲ್ಪ ಉದ್ದವೇ ಆಯಿತು. ಅರ್ಧ ಆಗುವಷ್ಟರಲ್ಲಿ ಅಕ್ಕನ ತಲೆ ನನ್ನ ಭುಜಕ್ಕೆ ಬಂತು. ನಸುಕಿನ ನಾಲ್ಕಕ್ಕೆ ಎದ್ದವಳು. ನಾನು ಎಬ್ಬಿಸಲಿಲ್ಲ. ಆಶೀರ್ವಾದದ ಹೊತ್ತಿಗೆ ಎಚ್ಚರಾಗಿ ಸೆರಗು ಸರಿಮಾಡಿಕೊಂಡು, ಹಿಂದಿನ ಬಾಗಿಲಿನಿಂದ ಅಕ್ಕಿ ಹಾಕಲು ಹೊರಟಳು. ನಾನೂ ಜೊತೆಗೆ ಹೋದೆ.

"ಏನ ಹೇಳಿದ್ರು, ಹೇಳು" ಎಂದಳು.

ಈ ಸಲ ಆಮೇಲೆ ಎನ್ನಲಿಲ್ಲ. ಅಕ್ಕಿ ತೊಳೆಯುತ್ತಾ ಮೊದಲಿನಿಂದ ಹೇಳಿದೆ.